ನಿಪ್ಪಟ್ಟಿಗೊಂದು ಇಳಿಜಾರು

ಆರ್.ಟಿ. ನಗರ
೧೪ ಜೂನ್ ೨೦೨೪

ಮೋನಿಕಾ,

ಈ ಕಾಗದ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಇದ್ದ ಹಾಗೇ ಇದ್ದೇವೆ. ನಿಮ್ಮ ಮಾವನ ಸಕ್ಕರೆ, ನನ್ನ ಮಂಡಿನೋವು ತಮ್ಮ ಪಾಡಿಗೆ ತಾವಿವೆ. ಫೋನ್ ಮಾಡಬಹುದಿತ್ತು, ನಿನ್ನ ನಂಬರು ನನ್ನ ಹತ್ತಿರ ಈಗಲೂ ಇದೆ. ಆದರೆ ಮಾಡಿದರೆ ನಾನು ಅಳುತ್ತೇನೆ, ನೀನು ಸುಮ್ಮನಾಗುತ್ತೀಯ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅಂಚೆ ಕಚೇರಿಯಲ್ಲಿ ಕೂತು ಆಯುಷ್ಯವೆಲ್ಲ ಬೇರೆಯವರ ಕಾಗದಕ್ಕೆ ಮುದ್ರೆ ಒತ್ತಿದವಳು ನಾನು. ರಿಟೈರ್ ಆದ ಮೇಲಾದರೂ ನನ್ನದೊಂದು ಹೋಗಲಿ ಎಂದು ಬರೆಯುತ್ತಿದ್ದೇನೆ.

ವಿಷಯ ನಿಪ್ಪಟ್ಟಿನದು. ನೀನೂ ಸಮರ್ಥನೂ ಮದುವೆಯಾದ ವರ್ಷ ತಂದಾಗ ಆ ಆಮೆ ನಿಜವಾಗಿಯೂ ನಿಪ್ಪಟ್ಟಿನಷ್ಟೇ ಇತ್ತು. ಈಗ ಸಣ್ಣ ದೋಸೆ ಹೆಂಚಿನಷ್ಟಾಗಿದೆ. ನೀನು ಸಮರ್ಥನಿಂದ ಬೇರೆಯಾಗಿ ಈ ಮನೆಯಿಂದ ಹೋಗಿ ಒಂದೂವರೆ ವರ್ಷವಾಯಿತಲ್ಲ, ಅಷ್ಟೂ ದಿನ ಅದನ್ನು ನೋಡಿಕೊಂಡವಳು ನಾನೇ. ಯುಗಾದಿ ಕಳೆದ ಮೇಲೆ ಹಿಂಗಾಲು ಎಳೆಯಲು ಶುರುಮಾಡಿತು. ಈಗ ಎರಡೂ ಕಾಲು ಜೀವವಿಲ್ಲದ ಹಾಗೆ ಹಿಂದೆ ತೇಲುತ್ತಿರುತ್ತವೆ. ಗಾಜಿನ ತೊಟ್ಟಿಯ ಕಲ್ಲಿನ ಮೇಲೆ ಹತ್ತಲು ಹೋಗುತ್ತದೆ, ಜಾರಿ ನೀರಿಗೆ ಬೀಳುತ್ತದೆ, ಮತ್ತೆ ಹತ್ತಲು ಹೋಗುತ್ತದೆ. ಮೊನ್ನೆ ಮಗುಚಿಕೊಂಡು ತಳದಲ್ಲಿ ಒದ್ದಾಡುತ್ತಿತ್ತು. ನಾನು ಮೆಟ್ಟಿಲ ಕೆಳಗೆ ಪೊರಕೆ ತೆಗೆಯಲು ಹೋಗಿರದಿದ್ದರೆ ಈ ಕಾಗದ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಊಟಕ್ಕೆ ಏನೂ ಕಡಿಮೆ ಮಾಡಿಲ್ಲ. ದಿನವೂ ಪಾಲಕ್ ಸೊಪ್ಪು, ಆಮೇಲೆ ಎರಡು ತುತ್ತು ಮೊಸರನ್ನ. ಮೂಳೆಗೆ ಮೊಸರು ಒಳ್ಳೆಯದೆಂದು ನನ್ನ ಡಾಕ್ಟರೇ ಹೇಳಿದ್ದಾರೆ. ಏಕಾದಶಿ ದಿನ ಮಾತ್ರ ನಮ್ಮ ಜೊತೆ ಅದಕ್ಕೂ ಉಪವಾಸ.

"ಯಾರಿಗಾದ್ರೂ ಕೊಟ್ಬಿಡಮ್ಮ, ನಿಂಗ್ಯಾಕೆ ಈ ವಯಸ್ಸಲ್ಲಿ" ಎನ್ನುತ್ತಾನೆ ಸಮರ್ಥ. ಕಾಲಿಲ್ಲದ ಆಮೆಯನ್ನು ಯಾರು ತೆಗೆದುಕೊಳ್ಳುತ್ತಾರೆ. ನೀನು ಫಿಸಿಯೋಥೆರಪಿ ಎಂದು ದಿನವೂ ಬಿದ್ದವರನ್ನು ಎಬ್ಬಿಸಿ ನಡೆಸುವ ಕೆಲಸದಲ್ಲಿರುವವಳು. ಏನು ಮಾಡಲಿ ಹೇಳು. ಬರೆಯಲು ಮನಸ್ಸಿಲ್ಲದಿದ್ದರೆ ಒಂದು ಕಾರ್ಡಿನಲ್ಲಿ ಎರಡು ಸಾಲು ಸಾಕು.

ಇಂತಿ,
ನಾಗಮಣಿ


ಯಲಹಂಕ
೨೩ ಜೂನ್ ೨೦೨೪

ಅತ್ತೆ,

ಮೊಸರನ್ನವನ್ನು ಇವತ್ತೇ ನಿಲ್ಲಿಸಿ. ಈ ಕಾಗದ ಓದಿ ಮುಗಿಸುವ ಮೊದಲೇ ನಿಲ್ಲಿಸಿ. ಆಮೆಗೆ ಹಾಲು ಮೊಸರು ಅರಗುವುದಿಲ್ಲ. ಪಾಲಕ್ ಅಂತೂ ಇನ್ನೂ ಕೆಟ್ಟದ್ದು, ಮೈಯಲ್ಲಿರುವ ಸುಣ್ಣದ ಅಂಶವನ್ನೂ ಹಿಡಿದು ಹೊರಗೆ ಕಳಿಸುತ್ತದೆ. ಏಕಾದಶಿ ಮಾಡಿ ಅದಕ್ಕೆ ಯಾವ ಪುಣ್ಯ ಬರಬೇಕಾಗಿದೆ? ನುಗ್ಗೆಸೊಪ್ಪು ಹಾಕಿ. ಗಿಳಿ ಸಾಕುವವರು ಪಂಜರಕ್ಕೆ ಕಟ್ಟುವ ಬಿಳಿ ಮೀನುಮೂಳೆ ಸಿಗುತ್ತದೆ, ಅದನ್ನು ನೀರಿನಲ್ಲಿ ತೇಲಿಬಿಡಿ, ತಾನೇ ಕಡಿದುಕೊಳ್ಳುತ್ತದೆ.

ಇನ್ನೊಂದನ್ನು ಹೇಗೆ ಹೇಳಲಿ ಎಂದು ಎರಡು ದಿನ ಯೋಚಿಸಿದೆ. ನಾನು ಅಲ್ಲಿದ್ದಷ್ಟೂ ಕಾಲ ಅದಕ್ಕೆ ಒಣ ಸೀಗಡಿ ಹಾಕುತ್ತಿದ್ದೆ. ಪೊಟ್ಟಣ ಸ್ಕೂಟರಿನ ಡಿಕ್ಕಿಯಲ್ಲಿರುತ್ತಿತ್ತು, ಮನೆಯೊಳಗೆ ಯಾವತ್ತೂ ತಂದಿಲ್ಲ. ಅದಕ್ಕೆ ಅದು ಬೇಕೇ ಬೇಕು. ಬೈಯುವುದಿದ್ದರೆ ಬೈಯಿರಿ, ಆದರೆ ಹಾಕಿ.

ಗಾಜಿನ ತೊಟ್ಟಿಯಿಂದ ಈಗಲೇ ಹೊರಗೆ ತೆಗೆಯಿರಿ. ಅಷ್ಟು ಆಳದ ನೀರಿನಲ್ಲಿ ಹಿಂಗಾಲಿಲ್ಲದೆ ಮೇಲೆ ಬಂದು ಉಸಿರು ತೆಗೆದುಕೊಳ್ಳುವುದು ಕಷ್ಟ. ಗಾರೆ ಕೆಲಸದವರು ಸಿಮೆಂಟ್ ಕಲಸುವ ಅಗಲವಾದ ಪ್ಲಾಸ್ಟಿಕ್ ಟಬ್ ತನ್ನಿ. ಮುಂಗಾಲು ಊರಿ ಕತ್ತೆತ್ತಿದರೆ ಮೂಗು ಹೊರಗೆ ಬರಬೇಕು, ನೀರು ಅಷ್ಟೇ ಇರಲಿ. ತಳದಲ್ಲಿ ಕಲ್ಲು ಬೇಡ, ಎಳೆದುಕೊಂಡು ಹೋಗುವಾಗ ಹೊಟ್ಟೆ ಉಜ್ಜಿ ಗಾಯವಾಗುತ್ತದೆ. ಹೆಬ್ಬಾಳಕ್ಕೆ ಕರೆದುಕೊಂಡು ಹೋಗಿ ಪಶುವೈದ್ಯರಿಗೆ ತೋರಿಸಿ. ನಾನಿದ್ದಾಗ ಬಾಲ್ಕನಿಗೆ ಬೆಳಗಿನ ಬಿಸಿಲು ಬರುತ್ತಿತ್ತು. ಅಲ್ಲಿ ಬಿಡುವುದನ್ನು ಯಾಕೆ ನಿಲ್ಲಿಸಿದಿರಿ?

ಇದು ನಿಪ್ಪಟ್ಟಿಗಾಗಿ ಬರೆದದ್ದು, ಬೇರೆ ಏನೂ ಅಂದುಕೊಳ್ಳಬೇಡಿ.

ಮೋನಿಕಾ


ಆರ್.ಟಿ. ನಗರ
೨೧ ಜುಲೈ ೨೦೨೪

ಮೋನಿ,

ಸೀಗಡಿ ವಿಷಯ ನನಗೆ ಮೊದಲಿನಿಂದಲೂ ಗೊತ್ತಿತ್ತು. ಬೇಸಿಗೆಯಲ್ಲಿ ನಿನ್ನ ಸ್ಕೂಟರ್ ಪಕ್ಕ ಹಾದರೆ ಸಾಕು, ಮೀನಿನ ಬಂದರಿಗೆ ಬಂದ ಹಾಗಾಗುತ್ತಿತ್ತು. ನೀನು ಮೆಟ್ಟಿಲ ಕೆಳಗೆ ಕೂತು ಹಾಕುವಾಗ ನಾನು ಒಳಗೆ ಮೂಗಿಗೆ ಸೆರಗು ಹಿಡಿದು ಪೇಪರ್ ಓದುತ್ತಿದ್ದೆ. ಕೇಳಿದ್ದರೆ ಬೇಡ ಎನ್ನಬೇಕಾಗುತ್ತಿತ್ತು, ಅದಕ್ಕೇ ಕೇಳಲಿಲ್ಲ. ಆದರೆ ಅದು ಬಾಯಿಚಪಲಕ್ಕೆ ಎಂದುಕೊಂಡಿದ್ದೆ, ಮೂಳೆಗೆಂದು ಗೊತ್ತಿರಲಿಲ್ಲ.

ಹೆಬ್ಬಾಳದ ಡಾಕ್ಟರು ಎಲ್ಲ ನೀನು ಹೇಳಿದ ಹಾಗೇ ಹೇಳಿದರು. ಚಿಪ್ಪನ್ನು ಹೆಬ್ಬೆರಳಿನಲ್ಲಿ ಒತ್ತಿ ತೋರಿಸಿದರು, ಒದ್ದೆ ರಟ್ಟಿನ ಹಾಗೆ ಒಳಗೆ ಹೋಯಿತು. ಹಿಂಗಾಲು ಮತ್ತೆ ಬರುವುದು ಅನುಮಾನವಂತೆ. ಚಿಪ್ಪು ಗಟ್ಟಿಯಾದರೆ ಬದುಕುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು. ಅದಕ್ಕೆ ಬಿಸಿಲೇ ಔಷಧಿಯಂತೆ.

ಬಿಸಿಲನ್ನು ಎಲ್ಲಿಂದ ತರಲಿ. ಪಕ್ಕದ ಸೈಟು ನೆನಪಿದೆಯಲ್ಲ, ಹುಣಸೆಮರದ ಕೆಳಗೆ ಎಮ್ಮೆ ಕಟ್ಟುತ್ತಿದ್ದ ಜಾಗ. ಅಲ್ಲಿ ನಾಲ್ಕು ಅಂತಸ್ತು ಎದ್ದಿದೆ. ಬಾಲ್ಕನಿಯಲ್ಲಿ ಈಗ ಹಗಲಲ್ಲೂ ದೀಪ ಹಾಕುತ್ತೇವೆ. ನಮ್ಮ ತಾರಸಿಗೆ ಸಮರ್ಥ ಶೀಟು ಹೊದಿಸಿ ತನ್ನ ಆಫೀಸು ಮಾಡಿಕೊಂಡಿದ್ದಾನೆ. ಇನ್ನು ಬಿಸಿಲು ಬೀಳುವುದು ಗೇಟಿನ ಹತ್ತಿರ ಮಾತ್ರ, ಅದೂ ಬೆಳಿಗ್ಗೆ ಹಾಲು ಉಕ್ಕುವಷ್ಟು ಹೊತ್ತು. ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಹಳೆಯ ಟವೆಲ್ ಹಾಸಿ ಅದನ್ನು ಕೂರಿಸಿಕೊಳ್ಳುತ್ತೇನೆ. ಎದುರು ಮನೆಯ ನಾಗಲಕ್ಷ್ಮಿ "ಏನ್ರೀ, ಮೊಮ್ಮಗೂನ ಬಿಸಿಲು ಕಾಯಿಸ್ತಿದ್ದೀರಾ" ಎಂದು ಕೇಳಿದಳು. "ಹೂಂ ಕಣ್ರೀ" ಎಂದೆ.

ಟಬ್ ಬಂದಿದೆ. ನಿಮ್ಮ ಮಾವ ಪೀಣ್ಯದ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದವರು, ಅವರ ಕೈ ಸುಮ್ಮನಿರಬೇಕಲ್ಲ. ಹಳೆಯ ಸೂಟ್‌ಕೇಸಿನ ಚಕ್ರ ಬಿಚ್ಚಿ, ಹಲಗೆಗೆ ಕೂರಿಸಿ, ಅದನ್ನು ನಿಪ್ಪಟ್ಟಿನ ಹಿಂಭಾಗಕ್ಕೆ ಕಟ್ಟಿದರು. ಮುಂಗಾಲಿನಿಂದ ಒಮ್ಮೆ ತಳ್ಳಿದ್ದೇ ತಡ, ಹಾಲ್‌ನಲ್ಲಿ ಹೊರಟಿದ್ದು ಮಂಚದ ಕೆಳಗೆ ಹೋಗಿ ಗೋಡೆಗೆ ಗುದ್ದಿತು. ಪೊರಕೆಯಿಂದ ಎಳೆದು ತೆಗೆಯುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. "ಬ್ರೇಕ್ ಹಾಕ್ಬೇಕಿತ್ತು" ಎಂದರು.

ಸೀಗಡಿಯನ್ನು ಅವರೇ ತರುತ್ತಾರೆ. ಡಬ್ಬಿ ಗೇಟಿನ ಪಕ್ಕದ ಮೀಟರ್ ಪೆಟ್ಟಿಗೆಯ ಮೇಲಿದೆ. ಇಕ್ಕಳದಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು ನಾನೇ ಕೊಡುತ್ತೇನೆ.

ಇಂತಿ,
ನಾಗಮಣಿ


ಯಲಹಂಕ
೪ ಆಗಸ್ಟ್ ೨೦೨೪

ಅತ್ತೆ,

ಚಕ್ರದ ವಿಷಯ ಓದಿ ಕ್ಲಿನಿಕ್ಕಿನಲ್ಲಿ ಒಬ್ಬಳೇ ನಕ್ಕೆ. ಕಾಯುತ್ತಿದ್ದ ಪೇಷೆಂಟು ಏನಾಯಿತು ಎಂದು ಕೇಳಿದರು, ನಮ್ಮ ಮಾವ ಎಂದು ಹೇಳಲು ಹೋಗಿ ನಿಲ್ಲಿಸಿದೆ.

ಚಕ್ರ ಬೇಡ ಎಂದು ಅವರಿಗೆ ಹೇಳಿ. ಅದು ನೀರಿನ ಪ್ರಾಣಿ, ಹಾಲ್‌ನಲ್ಲಿ ಓಡಾಡಿ ಅದಕ್ಕೆ ಆಗಬೇಕಾದದ್ದೇನೂ ಇಲ್ಲ. ನೀರಿನಿಂದ ಒಣ ಜಾಗಕ್ಕೆ ತಾನೇ ಹತ್ತಿ, ಬೇಕೆನಿಸಿದಾಗ ತಾನೇ ಇಳಿದರೆ ಸಾಕು. ನನ್ನ ಹತ್ತಿರ ಬರುವವರೂ ಅಷ್ಟೇ. ಓಡಿಸಿ ಎಂದು ಯಾರೂ ಕೇಳುವುದಿಲ್ಲ. "ಬಾತ್‌ರೂಮಿಗೆ ನಾನೇ ಹೋಗೋ ಹಾಗ್ ಮಾಡಿ ಮೇಡಂ" ಎನ್ನುತ್ತಾರೆ.

ಮಾವನಿಗೆ ಇಳಿಜಾರು ಮಾಡಲು ಹೇಳಿ. ಆಸ್ಪತ್ರೆಗಳಲ್ಲಿ ಗಾಲಿಕುರ್ಚಿಗೆ ಕಟ್ಟಿರುತ್ತಾರಲ್ಲ, ಹಾಗೆ ಉದ್ದವಾಗಿ, ತಗ್ಗಾಗಿ. ಮೇಲೆ ಗೀರುಗೀರಿನ ರಬ್ಬರ್ ಮ್ಯಾಟ್ ಅಂಟಿಸಲಿ, ಉಗುರು ಹಿಡಿದುಕೊಳ್ಳಲು. ಎರಡೂ ಪಕ್ಕದಲ್ಲಿ ಪೈಪನ್ನು ಸೀಳಿ ಅಂಚು ಕಟ್ಟಲಿ, ಇಲ್ಲದಿದ್ದರೆ ಮಗುಚಿಕೊಳ್ಳುತ್ತದೆ. ಮೇಲಿನ ಒಣ ಜಾಗ ಮೆತ್ತಗಿರಲಿ. ರಾತ್ರಿ ಎತ್ತಿ ಹಿಂಭಾಗ ಒರೆಸಿ, ತೊಡೆಯ ಸಂದಿಯಲ್ಲಿ ಹುಣ್ಣಾಗಿದೆಯೇ ನೋಡಿ. ಕಾಲುಗಳನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಅಕ್ವೇರಿಯಂ ಅಂಗಡಿಯಲ್ಲಿ ಬಿಸಿಲಿನ ದೀಪವೂ ಸಿಗುತ್ತದೆ, ಹಾಕಿಸಿ.

ಭಾನುವಾರ ನಾವಿಬ್ಬರೂ ತೊಟ್ಟಿ ತೊಳೆಯುತ್ತಿದ್ದದ್ದು ನೆನಪಾಗುತ್ತದೆ. ನೀವು ಪೈಪ್ ಹಿಡಿದು ನಿಲ್ಲುತ್ತಿದ್ದಿರಿ, ನಾನು ಪಾಚಿ ಉಜ್ಜುತ್ತಿದ್ದೆ. ಅಂಚೆ ಕಚೇರಿಗೆ ಹೊಸದಾಗಿ ಸೇರಿದಾಗ ನೀವು ಯಾರದೋ ಮದುವೆ ಕಾಗದವನ್ನು ತಪ್ಪು ಚೀಲಕ್ಕೆ ಹಾಕಿ ರಾತ್ರಿಯೆಲ್ಲ ಅತ್ತದ್ದು ಹೇಳಿದ್ದು ಆಗಲೇ. ನಮ್ಮಮ್ಮನ ಹತ್ತಿರವೂ ನಾನು ಅಷ್ಟು ಮಾತಾಡಿದವಳಲ್ಲ. ಸಮರ್ಥ ಒಳಗೆ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಿದ್ದ. ಅವನ ಜೊತೆಗಿಂತ ನಿಮ್ಮ ಜೊತೆ ಹೆಚ್ಚು ಸಂಸಾರ ಮಾಡಿದೆ ಎಂದು ಆಮೇಲೆ ಅನ್ನಿಸಿತು.

ಇದನ್ನು ಬರೆಯಬಾರದಿತ್ತೋ ಏನೋ. ಬರೆದಾಗಿದೆ, ಇರಲಿ.

ಮೋನಿಕಾ


ಆರ್.ಟಿ. ನಗರ
೧೩ ಅಕ್ಟೋಬರ್ ೨೦೨೪

ಮೋನಿ,

ಉತ್ತರ ತಡವಾಯಿತು. ನಿನ್ನ ಕಾಗದದ ಕೊನೆಯ ಭಾಗವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಇಳಿಜಾರು ಚೆನ್ನಾಗಿದೆ. ಮೊದಲು ಮಾಡಿದ್ದು ಕಡಿದಾಯಿತು, ಅರ್ಧಕ್ಕೆ ಹೋಗಿ ಹಿಂದೆ ಜಾರುತ್ತಿತ್ತು. ನಿಮ್ಮ ಮಾವ ಬಿಚ್ಚಿ ಇನ್ನೂ ಉದ್ದ ಮಾಡಿದರು. ಈಗ ಮುಂಗಾಲು ಊರಿ, ಮೈ ಎಳೆದುಕೊಂಡು, ಮಧ್ಯದಲ್ಲಿ ಒಮ್ಮೆ ಸುಧಾರಿಸಿಕೊಂಡು ತುದಿಗೆ ಹೋಗುತ್ತದೆ. ಮೊದಲ ಸಲ ತಾನೇ ಹತ್ತಿದ ದಿನ ಇವರು ಕನ್ನಡಕ ಒರೆಸಿಕೊಂಡು "ಮ್ಯಾಟ್ ಸರಿಯಾಗಿ ಕೂತಿದೆ" ಎಂದರು, ಅಷ್ಟೇ.

ಆದರೆ ಮೇಲೆ ಹತ್ತಿ ಏನು ಮಾಡಬೇಕು. ಈ ಸಲ ಮಳೆ ಬಿಟ್ಟೇ ಇಲ್ಲ. ಗೇಟಿನ ಹತ್ತಿರದ ಬಿಸಿಲೂ ಹೋಯಿತು. ದೀಪ ಹಾಕಿಸಿದ್ದೇವೆ. ಮೊನ್ನೆ ಡಾಕ್ಟರು ನೋಡಿ ಚಿಪ್ಪು ಇನ್ನೂ ಮೆತ್ತಗೇ ಇದೆ, ದೀಪ ಸಾಲದು, ಹೀಗೇ ಇದ್ದರೆ ಬೇಸಿಗೆ ನೋಡುವುದಿಲ್ಲ ಎಂದರು.

ಇನ್ನೊಂದು ವಿಷಯ ನಿನಗೆ ಬೇರೆಯವರಿಂದ ತಿಳಿಯುವುದು ಬೇಡ. ಸಮರ್ಥನಿಗೆ ಹುಡುಗಿ ನಿಶ್ಚಯವಾಗಿದೆ. ಹೆಸರು ಮಹತಿ. ಮದುವೆ ಮಾರ್ಚಿನಲ್ಲಿ. ಒಳ್ಳೆಯ ಹುಡುಗಿ, ನಾನು ಸುಳ್ಳು ಹೇಳುವುದಿಲ್ಲ. ಅಷ್ಟರೊಳಗೆ ಮೆಟ್ಟಿಲ ಕೆಳಗಿನದನ್ನೆಲ್ಲ ತೆಗೆಸಬೇಕು ಎನ್ನತೊಡಗಿದ್ದಾನೆ. ಆ ಟಬ್ಬು ನೋಡಿದರೆ ಅವನಿಗೆ ಏನು ಕಾಣುತ್ತದೆಂದು ನನಗೆ ಗೊತ್ತು.

ನಿನ್ನ ತವರಿನ ತಾರಸಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಎಂದು ನೀನೇ ಒಮ್ಮೆ ಹೇಳಿದ್ದೆ. ನಿಪ್ಪಟ್ಟನ್ನು ನೀನು ಕರೆದುಕೊಳ್ಳುತ್ತೀಯಾ? ನನ್ನ ಬಾಯಿಂದ ಈ ಮಾತು ಸುಲಭವಾಗಿ ಬಂದಿಲ್ಲ.

ಇಂತಿ,
ನಾಗಮಣಿ


ಯಲಹಂಕ
೨೨ ಅಕ್ಟೋಬರ್ ೨೦೨೪

ಅತ್ತೆ,

ಆಗುವುದಿಲ್ಲ. ಕ್ಷಮಿಸಿ.

ಆ ಮನೆಯಿಂದ ಬರುವಾಗ ಒಂದು ಸೂಟ್‌ಕೇಸ್ ಮಾತ್ರ ತಂದೆ. ನನ್ನ ಕಡೆಯವರು ಕೊಟ್ಟ ಪಾತ್ರೆಗಳನ್ನೂ ಬಿಟ್ಟು ಬಂದೆ. ಏನನ್ನು ನೋಡಿದರೂ ನೆನಪಾಗಬಾರದೆಂದು. ಈಗ ಬೆಳಿಗ್ಗೆ ಎದ್ದಾಗ ಎಲ್ಲಿದ್ದೇನೆಂದು ಗೊತ್ತಾಗುವಷ್ಟು ಸುಧಾರಿಸಿದ್ದೇನೆ. ದಿನವೂ ಅದರ ಮುಖ ನೋಡಿಕೊಂಡು ಇರಲಾರೆ.

ಬಿಸಿಲಿರುವ ಬೇರೆ ಮನೆ ಹುಡುಕಿ. ಸಮರ್ಥನಿಗೆ ಒಳ್ಳೆಯದಾಗಲಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ಮೋನಿಕಾ


ಯಲಹಂಕ
೨೪ ನವೆಂಬರ್ ೨೦೨೪

ಅತ್ತೆ,

ಒಂದು ತಿಂಗಳಾಯಿತು, ನಿಮ್ಮಿಂದ ಕಾಗದವಿಲ್ಲ. ನಾನು ಬರೆದದ್ದಕ್ಕೆ ನೀವು ಬರೆಯದಿರುವುದೇ ಸರಿ.

ನಮ್ಮಜ್ಜಿ ಲಕ್ಷ್ಮಿದೇವಮ್ಮ ನಿಮಗೆ ಗೊತ್ತಲ್ಲ, ಮದುವೆಯಲ್ಲಿ ನಿಮ್ಮ ಕೈಹಿಡಿದು ಬಿಡದೆ ಕೂತಿದ್ದವರು. ಅವರಿಗೆ ನಿಪ್ಪಟ್ಟಿನ ವಿಷಯ ಹೇಳಿದೆ. ಈಗ ನಮ್ಮ ಬಿಲ್ಡಿಂಗ್ ಇರುವ ಜಾಗದಲ್ಲಿ ಮೊದಲು ತೋಟವಿತ್ತು, ತೋಟದಲ್ಲಿ ಬಾವಿ. ನಮ್ಮ ಕಡೆ ಬಾವಿ ತೋಡಿದರೆ ಕೆರೆಯಿಂದ ಒಂದು ಆಮೆ ತಂದು ಬಿಡುತ್ತಿದ್ದರು, ನೀರು ಚೊಕ್ಕಟವಾಗಿರುತ್ತದೆಂದು. ನಾನು ಚಿಕ್ಕವಳಾಗಿದ್ದಾಗ ಕಟ್ಟೆಯ ಮೇಲೆ ಹೊಟ್ಟೆ ಊರಿ ಮಲಗಿ ಅದು ಮೇಲೆ ಬರುವುದನ್ನು ಕಾಯುತ್ತಿದ್ದೆ. ಮುದ್ದೆಯ ಚೂರು ಹಾಕಿದರೆ ಕತ್ತಲೆಯಿಂದ ಮೊದಲು ಮೂಗು ಕಾಣುತ್ತಿತ್ತು. ಬಿಲ್ಡಿಂಗ್ ಎದ್ದಾಗ ನಾನು ಹಾಸ್ಟೆಲಿನಲ್ಲಿದ್ದೆ. ಆಮೆ ಏನಾಯಿತೆಂದು ನಾನು ಕೇಳಿರಲೇ ಇಲ್ಲ.

ಅಜ್ಜಿ ಈಗ ಹೇಳಿದರು: "ಬಾವಿ ಮುಚ್ಚೋ ದಿನ ನಿಮ್ಮಪ್ಪ ಅದ್ನ ಮಂಕ್ರೀಲಿ ಆಕ್ಕೊಂಡೋಗಿ ಕೆರೆಗ್ ಬುಟ್ಬಂದ. ಎಷ್ಟೋ ದಿನ ನಂಗೆ ಅನ್ನ ಸೇರ್ನಿಲ್ಲ ಕಣೆ. ಮನೆ ಬೇಕಾಗಿದ್ದಿದ್ದು ನಮ್ಗೆ, ಜಾಗ ಓಗಿದ್ದು ಅದ್ರುದ್ದು. ಈಗ ಇದೂ ಅಂಗೇಯ. ನಿಂಗೂ ಅವುನ್ಗೂ ಆಗ್ಬರ್ನಿಲ್ಲ, ಅದುಕ್ಕೆ ಅದೇನ್ ಮಾಡ್ತು?"

ಆಮೇಲೆ ತಾರಸಿಗೆ ಹೋಗಿ ಒಂದು ಸುತ್ತು ನೋಡಿದೆ. ನೀರಿನ ಟ್ಯಾಂಕಿನ ಪಕ್ಕ ಜಾಗವಿದೆ, ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನ ನೆರಳೂ ಬರುತ್ತದೆ.

ಮಾವನಿಗೆ ಹೇಳಿ ಟಬ್ಬಿನ ಮತ್ತು ಇಳಿಜಾರಿನ ಅಳತೆ ಕಳಿಸಿ. ಈಗ ಕೇಳುತ್ತಿದ್ದೇನೆ ಅಷ್ಟೇ.

ಮೋನಿಕಾ


ಆರ್.ಟಿ. ನಗರ
೨ ಡಿಸೆಂಬರ್ ೨೦೨೪

ಚಿ. ಮೋನಿಕಾಳಿಗೆ ಆಶೀರ್ವಾದಗಳು.

ಅಳತೆಯ ನಕ್ಷೆ ಜೊತೆಗಿಟ್ಟಿದ್ದೇನೆ. ಟಬ್ಬು, ಇಳಿಜಾರು ಎರಡನ್ನೂ ಇಲ್ಲಿಂದಲೇ ತರುತ್ತೇವೆ, ಹೊಸದು ಬೇಡ. ಆಮೆಗೆ ಅದರ ಮೇಲೆ ಉಗುರು ಕೂತಿದೆ. ನೀನು ಮಾಡಬೇಕಾದದ್ದು ಇಷ್ಟು: ತಾರಸಿಯ ನೆಲ ಬಿಸಿಲಿಗೆ ಕಾಯುತ್ತದೆ, ಆದ್ದರಿಂದ ಟಬ್ಬಿನ ಅಡಿ ಇಟ್ಟಿಗೆ ಕೊಟ್ಟು ಎತ್ತರಿಸಬೇಕು. ಮೇಲೆ ಜಾಲರಿ ಕಡ್ಡಾಯ. ಯಲಹಂಕದಲ್ಲಿ ಹದ್ದು ಜಾಸ್ತಿ, ಇದು ಓಡಿ ತಪ್ಪಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ಜಾಲರಿಯ ಚೌಕಟ್ಟನ್ನು ನಾನು ಮಾಡುತ್ತೇನೆ. ಕೀಲು ಯಾವ ಕಡೆಗೆ ಬೇಕು ತಿಳಿಸು, ನೀನು ಎಡಗೈಯವಳೆಂದು ನೆನಪಿದೆ.

ರಿಟೈರ್ ಆದ ಮೇಲೆ ನನ್ನ ಟೂಲ್ ಬಾಕ್ಸ್ ತೆರೆದಿರಲಿಲ್ಲ. ಈ ಕೆಲಸ ಬಂದದ್ದು ಒಳ್ಳೆಯದಾಯಿತು.

ನಿಮ್ಮ ಅತ್ತೆಗೆ ತೋರಿಸದೆ ಲಕೋಟೆ ಅಂಟಿಸುತ್ತಿದ್ದೇನೆ. ಅವಳು ಬೆಳಿಗ್ಗೆ ಗೇಟಿನ ಹತ್ತಿರ ಅದನ್ನಿಟ್ಟುಕೊಂಡು ಕೂರುವುದನ್ನು ನೀನು ನೋಡಬೇಕು. ಬಿಸಿಲು ಹೋದ ಮೇಲೂ ಕೂತಿರುತ್ತಾಳೆ. ನಾನು ಕರೆಯುವುದಿಲ್ಲ.

ಬದರೀನಾಥ


ಆರ್.ಟಿ. ನಗರ
೨೦ ಜನವರಿ ೨೦೨೫

ಮೋನಿ,

ಮನೆಗೆ ಬಂದು ಎರಡು ದಿನವಾಯಿತು. ಮೆಟ್ಟಿಲ ಕೆಳಗೆ ಟಬ್ಬಿನ ಗುರುತು ನೆಲದ ಮೇಲೆ ಹಾಗೇ ಇದೆ. ಒರೆಸಿದೆ, ಹೋಗಲಿಲ್ಲ.

ಸರಕು ಆಟೋದಲ್ಲಿ ಟಬ್ಬು ಕಟ್ಟಿಕೊಂಡು, ನಿಪ್ಪಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬಾಳದ ಫ್ಲೈಓವರ್ ಹತ್ತಿದಾಗ ಹಳೆಯದೆಲ್ಲ ನೆನಪಾಯಿತು. ನಾವು ಆರ್.ಟಿ. ನಗರಕ್ಕೆ ಬಂದಾಗ ಹೆಬ್ಬಾಳ ದಾಟಿದರೆ ಊರು ಮುಗಿಯಿತು ಎನ್ನುತ್ತಿದ್ದರು. ಅಲ್ಲಿಂದಾಚೆ ದ್ರಾಕ್ಷಿ ತೋಟ, ರಾಗಿ ಹೊಲ. ನಿನ್ನನ್ನು ಸೊಸೆಯಾಗಿ ಕೇಳಲು ಬಂದಾಗಲೂ ಇದೇ ದಾರಿ. ಆಗ ನನ್ನ ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇತ್ತು.

ಎರಡು ವರ್ಷದ ಮೇಲೆ ನಿನ್ನ ಮುಖ ನೋಡಿದೆ. ತೆಳ್ಳಗಾಗಿದ್ದೀಯ, ಕೂದಲು ಕತ್ತರಿಸಿಕೊಂಡಿದ್ದೀಯ, ಚೆನ್ನಾಗಿ ಕಾಣುತ್ತದೆ. ಇದನ್ನು ಅಲ್ಲೇ ಹೇಳಬಹುದಿತ್ತು. ಆಡಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದದ್ದು ಬೇರೆ, ನಿನ್ನೆದುರು ಆಡಿದ್ದೆಲ್ಲ ನುಗ್ಗೆಸೊಪ್ಪಿನ ವಿಷಯ. ನೀನೂ ಜಾಲರಿಯ ಕೀಲು ಚೆನ್ನಾಗಿದೆ ಎಂದೇ ನಾಲ್ಕು ಸಲ ಹೇಳಿದೆ. ನಿಮ್ಮಜ್ಜಿ ಮಾತ್ರ ಮದುವೆಯ ದಿನದ ಹಾಗೇ ನನ್ನ ಕೈ ಹಿಡಿದುಕೊಂಡು ಕೂತಿದ್ದರು.

ಸಮರ್ಥ ಮೊದಲೇ ಹೇಳಿದ್ದ, "ಕೊಟ್ಟು ಬಂದ್ಬಿಡಮ್ಮ, ಆಮೇಲೆ ಹೋಗೋದು ಬರೋದು ಬೇಡ. ಮಹತಿ ಮನೆಯವ್ರಿಗೆ ಏನಂತ ಹೇಳೋದು" ಎಂದು. ಹೂಂ ಎಂದಿದ್ದೆ. ಅವನು ಕೇಳುವುದರಲ್ಲಿ ತಪ್ಪಿಲ್ಲ. ಆದ್ದರಿಂದ ಇನ್ನು ಬರೆಯುವುದಕ್ಕೂ ನನ್ನ ಹತ್ತಿರ ಕಾರಣವಿಲ್ಲ. ಆಮೆ ನಿನ್ನ ಹತ್ತಿರ ಇದೆ, ಅದನ್ನು ನೋಡಿಕೊಳ್ಳುವುದನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ.

ಒಂದೇ ಒಂದು. ಊಟ ಹಾಕುವ ಮೊದಲು ಎರಡು ಮಾತಾಡಿಸು. ನಾನು ಹಾಗೆ ಅಭ್ಯಾಸ ಮಾಡಿಬಿಟ್ಟಿದ್ದೇನೆ.

ಚೆನ್ನಾಗಿರು ಮಗಳೆ.

ನಾಗಮಣಿ


ಯಲಹಂಕ
೬ ಫೆಬ್ರವರಿ ೨೦೨೫

ಅತ್ತೆ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಫೋನ್ ಮಾಡಿದರೆ ಸಮರ್ಥ ಎತ್ತಿಕೊಂಡಾನು ಎಂದು ಮಾಡಲಿಲ್ಲ.

ನಿಪ್ಪಟ್ಟು ಇಲ್ಲಿಗೆ ಬಂದ ದಿನದಿಂದ ಏನೂ ತಿಂದಿಲ್ಲ. ಮೊದಲು ಹೊಸ ಜಾಗವೆಂದು ಬಿಟ್ಟೆ. ಆಮೇಲೆ ಇಲ್ಲಿನ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನದ ತಾಲೀಮು ಶುರುವಾಯಿತು. ನಮ್ಮ ತಲೆಯ ಮೇಲೆ ಜೆಟ್ ಹಾದರೆ ಪಾತ್ರೆಗಳು ಅಲುಗುತ್ತವೆ, ಅದಕ್ಕೆ ಹೆದರಿದೆ ಎಂದುಕೊಂಡು ಆ ಹೊತ್ತಿಗೆ ಒಳಗೆ ತಂದಿಟ್ಟುಕೊಂಡೆ. ಸೀಗಡಿ, ನುಗ್ಗೆಸೊಪ್ಪು, ಹಸಿ ಮೀನಿನ ಚೂರು ಎಲ್ಲ ಹಾಕಿ ನೋಡಿದೆ. ನೀವು ಹೇಳಿದ ಹಾಗೆ ಮಾತಾಡಿಸಿದೆ. ನನ್ನನ್ನು ನೋಡುತ್ತದೆ, ಮುಖ ತಿರುಗಿಸುತ್ತದೆ. ಇಳಿಜಾರು ಹತ್ತುವುದನ್ನೂ ಬಿಟ್ಟಿದೆ. ಕೈಯಲ್ಲಿ ಎತ್ತಿದರೆ ಹಗುರವಾಗಿರುವುದು ಗೊತ್ತಾಗುತ್ತದೆ. ಡಾಕ್ಟರು ಇನ್ನು ಕೆಲವೇ ದಿನ ನೋಡೋಣ ಎಂದಿದ್ದಾರೆ.

ನೀವು ಮಗನಿಗೆ ಮಾತು ಕೊಟ್ಟಿದ್ದೀರಿ. ಅದನ್ನು ಮುರಿಯಿರಿ ಎಂದು ನಾನು ಹೇಳಬಾರದು. ಹೇಳುತ್ತಿದ್ದೇನೆ. ಬನ್ನಿ ಅತ್ತೆ.

ಅದಕ್ಕಾಗಿ ಮಾತ್ರವಲ್ಲ. ನೀವು ಅಂದು ಆಟೋ ಹತ್ತಿ ತಿರುಗಿ ನೋಡದೆ ಹೋದಿರಲ್ಲ, ನಾನು ಆ ರಸ್ತೆಯ ತಿರುವಿನವರೆಗೂ ಬಂದಿದ್ದೆ. ನಿಮಗೆ ಕಾಣಲಿಲ್ಲ.

ಮೋನಿಕಾ


ಆರ್.ಟಿ. ನಗರ
೧೭ ಫೆಬ್ರವರಿ ೨೦೨೫

ಮೋನಿ,

ನಿನ್ನ ತಾರಸಿಯಲ್ಲಿ ಆದದ್ದನ್ನು ನಿನಗೇ ಬರೆಯುವುದು ದಡ್ಡತನ. ಆದರೂ ಒಂದು ವಿಷಯ ಹೇಳಬೇಕು. ಇಕ್ಕಳ ಮರೆತು ಬಂದೆ ಎಂದು ನಿನಗೆ ಹೇಳಿದೆನಲ್ಲ, ಮರೆತಿರಲಿಲ್ಲ. ಚೀಲದಲ್ಲೇ ಇತ್ತು. ನಿಪ್ಪಟ್ಟಿನ ಮುಖ ನೋಡಿದ ಮೇಲೆ ಕಬ್ಬಿಣದಲ್ಲಿ ಕೊಡಲು ಮನಸ್ಸು ಬರಲಿಲ್ಲ. ಜನ್ಮದಲ್ಲಿ ಸೀಗಡಿ ಮುಟ್ಟಿದವಳಲ್ಲ, ಬೆರಳಲ್ಲಿ ಹಿಡಿದೆ. ಎಷ್ಟೋ ಹೊತ್ತು ಹಾಗೇ ಹಿಡಿದಿದ್ದೆ. ಕೊನೆಗೆ ಕತ್ತು ಚಾಚಿ ಕಿತ್ತುಕೊಂಡಾಗ ನೀನು ನನ್ನ ಭುಜ ಹಿಡಿದುಕೊಂಡು ಅತ್ತೆ. ನಾನೂ ಅತ್ತೆ. ಅಷ್ಟು ದಿನ ಫೋನ್ ಮಾಡದೆ ತಪ್ಪಿಸಿಕೊಂಡದ್ದು ಅಂದು ಒಟ್ಟಿಗೆ ಆಯಿತು.

ಮನೆಗೆ ಬಂದಾಗ ಸಮರ್ಥ ಹಾಲ್‌ನಲ್ಲಿ ಕೂತು ಲಗ್ನಪತ್ರಿಕೆಗೆ ಹೆಸರು ಬರೆಯುತ್ತಿದ್ದ. ನಾನು ಪಕ್ಕದಲ್ಲಿ ಹಾದಾಗ ತಲೆಯೆತ್ತಿದ. ಎರಡು ಸಲ ಸೋಪು ಹಾಕಿ ತೊಳೆದಿದ್ದರೂ ಕೈಯಿಂದ ವಾಸನೆ ಹೋಗಿರಲಿಲ್ಲ.

"ಯಲಹಂಕಕ್ಕೆ ಹೋಗಿದ್ಯಾ?"

"ಹೂಂ."

ಕೂಗಾಡುತ್ತಾನೆ ಎಂದುಕೊಂಡೆ. ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಆಮೇಲೆ ಕೇಳಿದ, "ತಿಂತಾ?"

"ತಿಂತು."

ಮತ್ತೆ ತಲೆ ತಗ್ಗಿಸಿಕೊಂಡ. ನೀನು ಹೇಗಿದ್ದೀಯ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಲಕೋಟೆಯ ಮೇಲೆ ಆಗಲೇ ಬರೆದಿದ್ದ ಹೆಸರನ್ನೇ ಮತ್ತೊಮ್ಮೆ ಬರೆಯುತ್ತಿದ್ದ. ಅವನಿಗೂ ಏನೋ ಇದೆ ಎಂದು ನನಗೆ ಆಗ ಗೊತ್ತಾಯಿತು. ಪಾಪ, ನನ್ನ ಮಗ ಕೆಟ್ಟವನಲ್ಲ ಮೋನಿ. ನಿನಗೆ ಸರಿಯಾದವನಲ್ಲ, ಅಷ್ಟೇ.

ಮಾರನೆಯ ದಿನ ಮಹತಿ ಬಂದಿದ್ದಳು. ಅವಳ ಮುಂದೆಯೇ ಹೇಳಿಬಿಟ್ಟೆ, ಇನ್ನು ಮೇಲೆ ಭಾನುವಾರ ನಾನು ಯಲಹಂಕಕ್ಕೆ ಹೋಗುತ್ತೇನೆ, ನನ್ನ ಮೊದಲ ಸೊಸೆಯ ಮನೆಯಲ್ಲಿ ನಮ್ಮ ಆಮೆ ಇದೆ, ಅದು ನನ್ನ ಕೈಯಿಂದಲೇ ತಿನ್ನುವುದು ಎಂದು. ಆ ಹುಡುಗಿ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು. ಆಮೇಲೆ "ಭಾನುವಾರದ ಅಡುಗೆ ನಾನ್ ನೋಡ್ಕೋತೀನಿ ಬಿಡಿ" ಎಂದಳು. ಒಳ್ಳೆಯ ಹುಡುಗಿ ಎಂದು ನಿನಗೆ ಮೊದಲೇ ಬರೆದಿದ್ದೆ.

ಅವಳು ಹೋದ ಮೇಲೆ ಸಮರ್ಥ ಅಡುಗೆಮನೆಗೆ ಬಂದ. "ಅಮ್ಮ, ಇದೆಲ್ಲ ಎಷ್ಟು ದಿನ?"

"ನಿಪ್ಪಟ್ಟು ಇರೋ ತನಕ" ಎಂದೆ.

ಹಾಲ್‌ನಿಂದ ನಿಮ್ಮ ಮಾವ ಪೇಪರ್ ಕೆಳಗಿಳಿಸದೆಯೇ ಹೇಳಿದರು, "ಚಿಪ್ಪು ಗಟ್ಟಿಯಾದ್ರೆ, ಚೆನ್ನಾಗ್ ನೋಡ್ಕೊಂಡ್ರೆ ಇನ್ನೂ ಇಪ್ಪತ್ತೈದು ವರ್ಷ ಅಂತ ಡಾಕ್ಟ್ರು ಹೇಳಿದ್ದಾರೆ."

ನನಗೀಗ ಅರವತ್ತನಾಲ್ಕು. ಭಾನುವಾರ ಬರುತ್ತೇನೆ. ಅದನ್ನು ಚೆನ್ನಾಗಿ ನೋಡಿಕೋ.

ನಿನ್ನ
ಅತ್ತೆ